ಡಬ್ಬಿಯಿಂದ ಹೊರಬಂದ ಮೊಟ್ಟೆ: ಅಮೆರಿಕದ ಮಫಿನ್ ಮಿಶ್ರಣದ ಚರಿತ್ರೆ

ಅಂಗಡಿಯಿಂದ ತಂದ ಮಫಿನ್ ಮಿಶ್ರಣವನ್ನು ಡಬ್ಬಿಯ ಮೇಲೆ ಬರೆದಂತೆಯೇ ಕಲಸದೆ, ನೀರಿನ ಬದಲು ಹಾಲು ಅಥವಾ ಮಜ್ಜಿಗೆ, ಎಣ್ಣೆಯ ಬದಲು ಕರಗಿಸಿದ ಬೆಣ್ಣೆ, ಒಂದು ಮೊಟ್ಟೆಯ ಬದಲು ಎರಡು ಹಾಕಿ ಅದನ್ನು ಉತ್ತಮಪಡಿಸಿಕೊಳ್ಳುವ ರೂಢಿ ಅಮೆರಿಕದ ಮನೆಗಳಲ್ಲಿ ವ್ಯಾಪಕವಾಗಿದೆ. ಇದನ್ನು ಇತ್ತೀಚಿನ ಕಾಲದ ಜಾಣತನವೆಂದು ಎಣಿಸುವವರು ಹಲವರು. ಆದರೆ ಸಿದ್ಧಮಿಶ್ರಣದ, ಎಂದರೆ ಹಿಟ್ಟು, ಸಕ್ಕರೆ, ಉಪ್ಪು, ಜಿಡ್ಡು ಮತ್ತು ಉಬ್ಬಿಸುವ ಪುಡಿಯನ್ನು ಮೊದಲೇ ಅಳತೆಮಾಡಿ ಬೆರೆಸಿಟ್ಟ ಪೊಟ್ಟಣದ, ಚರಿತ್ರೆಯನ್ನು ಹಿಂದಕ್ಕೆ ಹಿಡಿದು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಇಂದು ಹೊರಗಿನಿಂದ ಸೇರಿಸುವ ಹಾಲು, ಮಜ್ಜಿಗೆ, ಬೆಣ್ಣೆ, ಮೊಟ್ಟೆಗಳೆಲ್ಲ ಒಂದು ಕಾಲದಲ್ಲಿ ಮಫಿನ್ನಿನ ಸಹಜ ಅಂಗಗಳಾಗಿದ್ದು, ಅಂಗಡಿಯ ಕಪಾಟಿನಲ್ಲಿ ತಿಂಗಳುಗಟ್ಟಲೆ ಕೆಡದೆ ನಿಲ್ಲಬೇಕೆಂಬುದೂ ಸೇರಿದಂತೆ ಬೇರೆ ಬೇರೆ ಕಾರಣಗಳಿಗೆ ಅದರಿಂದ ಹೊರಹೋದಂಥವು. ಮನೆಯವರು ಮಾಡುತ್ತಿರುವುದು ಹೊಸ ಸೇರ್ಪಡೆಯಲ್ಲ, ಮಿಶ್ರಣ ತಯಾರಿಸುವ ಗಿರಣಿ ಕಳೆದದ್ದನ್ನು ಮರಳಿ ತುಂಬುವ ಕೆಲಸ.

ಮಫಿನ್ ಎಂಬ ಹೆಸರು ಎರಡು ಭಿನ್ನ ತಿನಿಸುಗಳಿಗೆ ಸಲ್ಲುತ್ತದೆ. ಇಂಗ್ಲೆಂಡಿನ ಮಫಿನ್ ಯೀಸ್ಟಿನಿಂದ ಹುದುಗು ಬರಿಸಿದ ಕಣಕವನ್ನು ಕಾವಲಿಯ ಮೇಲೆ ಎರಡೂ ಬದಿ ಬೇಯಿಸಿದ ಚಪ್ಪಟೆ ರೊಟ್ಟಿ; ಅಮೆರಿಕದ್ದು ಬಟ್ಟಲುಗಳಿರುವ ತಟ್ಟೆಯಲ್ಲಿ ಹಿಟ್ಟನ್ನು ಹೊಯ್ದು ಓವನ್ನಿನಲ್ಲಿ ಬೇಯಿಸುವ, ಯೀಸ್ಟಿನ ಹಂಗಿಲ್ಲದೆ ಅರ್ಧ ಗಂಟೆಯೊಳಗೆ ಸಿದ್ಧವಾಗುವ ಪುಟ್ಟ ಸಿಹಿ ರೊಟ್ಟಿ. ಈ ಎರಡನೆಯದು ಹುಟ್ಟಬೇಕಾದರೆ ಹಿಟ್ಟನ್ನು ಕೂಡಲೇ ಉಬ್ಬಿಸುವ ವಸ್ತುವೊಂದು ಬೇಕಾಗಿತ್ತು. ಆ ವಸ್ತು ಮೊದಲಿಗೆ ದೊರೆತದ್ದು ಕಾಡನ್ನು ಕಡಿದು ಸುಟ್ಟ ಬೂದಿಯಿಂದ. ಮರದ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಬತ್ತಿಸಿ, ಸುಟ್ಟು ಶುದ್ಧಮಾಡಿದಾಗ ಉಳಿಯುವ ಬಿಳಿಯ ಕ್ಷಾರಕ್ಕೆ ಪರ್ಲ್‌ಆಶ್, ಎಂದರೆ ಮುತ್ತಿನ ಬಣ್ಣದ ಬೂದಿ, ಎಂಬ ಹೆಸರಿತ್ತು. ನಮ್ಮ ಕಡೆ ಹಪ್ಪಳದ ಹಿಟ್ಟಿಗೆ ಬೆರೆಸುವ ಕ್ಷಾರದ ದೂರದ ನೆಂಟನೆಂದು ಅದನ್ನು ತಿಳಿಯಬಹುದು. ಅಮೆರಿಕ ಸಂಯುಕ್ತ ಸಂಸ್ಥಾನವು 1790ರಲ್ಲಿ ನೀಡಿದ ಮೊಟ್ಟಮೊದಲ ಪೇಟೆಂಟ್ ಸ್ಯಾಮ್ಯುಯೆಲ್ ಹಾಪ್ಕಿನ್ಸ್ ಎಂಬಾತನಿಗೆ ಸಂದದ್ದು ಈ ಕ್ಷಾರವನ್ನು ತಯಾರಿಸುವ ಕ್ರಮಕ್ಕಾಗಿ, ಮತ್ತು ಅದಕ್ಕೆ ಸಹಿ ಹಾಕಿದವನು ಜಾರ್ಜ್ ವಾಷಿಂಗ್ಟನ್. ಆರು ವರ್ಷಗಳ ಬಳಿಕ, 1796ರಲ್ಲಿ, ಹಾರ್ಟ್‌ಫರ್ಡ್ ನಗರದಲ್ಲಿ ಅಚ್ಚಾದ ಅಮೀಲಿಯಾ ಸಿಮನ್ಸಳ ಅಡುಗೆ ಪುಸ್ತಕದಲ್ಲಿ ಪರ್ಲ್‌ಆಶ್ ಬಳಸಿದ ತಿನಿಸುಗಳು ಕಾಣಿಸಿಕೊಂಡವು.

ಕ್ಷಾರವೊಂದರಿಂದಲೇ ಹಿಟ್ಟು ಉಬ್ಬುವುದಿಲ್ಲ. ಅದಕ್ಕೆ ಹುಳಿ ಕೂಡಿದಾಗ ಮಾತ್ರ ಇಂಗಾಲದ ಡೈಆಕ್ಸೈಡ್ ಅನಿಲ ಬಿಡುಗಡೆಯಾಗಿ, ಹಿಟ್ಟಿನೊಳಗೆ ಗುಳ್ಳೆಗಳನ್ನು ಎಬ್ಬಿಸುತ್ತದೆ. ಆದ್ದರಿಂದ ಹತ್ತೊಂಬತ್ತನೆಯ ಶತಮಾನದ ಅಮೆರಿಕದ ಗೃಹಿಣಿ ಹುಳಿ ಮಜ್ಜಿಗೆಯನ್ನೋ ಕಾಕಂಬಿಯನ್ನೋ (ಕಬ್ಬಿನ ರಸದಿಂದ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವಿದು) ಬಳಸಬೇಕಿತ್ತು, ಮತ್ತು ಆ ದಿನದ ಮಜ್ಜಿಗೆಯ ಹುಳಿ ಎಷ್ಟೆಂಬುದನ್ನು ನಾಲಿಗೆಯಿಂದ ಅಳೆದು, ಪರ್ಲ್‌ಆಶ್‌ನಂಥದೇ ಕ್ಷಾರವಾದ ಸೋಡದ ಪ್ರಮಾಣವನ್ನು ನಿರ್ಧರಿಸಬೇಕಿತ್ತು. ಸೋಡ ಹೆಚ್ಚಾದರೆ ಸಾಬೂನಿನ ರುಚಿ, ಕಡಿಮೆಯಾದರೆ ಕಲ್ಲಿನಂಥ ರೊಟ್ಟಿ. ಈ ಅನಿಶ್ಚಯವನ್ನು ತೊಡೆದವರು ರಸಾಯನಶಾಸ್ತ್ರಜ್ಞರು. ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್, ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ, 1843ರಲ್ಲಿ ಕ್ಷಾರವನ್ನೂ ಒಣ ಆಮ್ಲವನ್ನೂ ಕೂಡಿಸಿದ ಪುಡಿಯನ್ನು ಸಿದ್ಧಪಡಿಸಿದ. ಜರ್ಮನಿಯ ರಸಾಯನಶಾಸ್ತ್ರಜ್ಞ ಲೀಬಿಗ್‌ನ ಶಿಷ್ಯನೂ ಹಾರ್ವರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕನೂ ಆಗಿದ್ದ ಎಬೆನ್ ನಾರ್ಟನ್ ಹಾರ್ಸ್‌ಫರ್ಡ್, ದ್ರಾಕ್ಷಾರಸದ ಪೀಪಾಯಿಗಳಲ್ಲಿ ಗಟ್ಟಿಕಟ್ಟುವ ದುಬಾರಿ ಟಾರ್ಟಾರ್ ಆಮ್ಲದ ಬದಲು ಕ್ಯಾಲ್ಸಿಯಂ ಫಾಸ್ಫೇಟ್‌ ಬಳಸುವ ಕ್ರಮಕ್ಕೆ 1856ರಲ್ಲಿ ಪೇಟೆಂಟ್ ಪಡೆದ. ಬಳಿಕ ಬಂದ ಬೇಕಿಂಗ್ ಪೌಡರುಗಳು ಎರಡು ಹಂತದಲ್ಲಿ ಕೆಲಸಮಾಡುವಂಥವು: ನೀರು ತಾಗಿದಾಗ ಸ್ವಲ್ಪ ಅನಿಲ, ಓವನ್ನಿನ ಶಾಖ ತಾಗಿದಾಗ ಮಿಕ್ಕದ್ದು. ಸಿದ್ಧಮಿಶ್ರಣಕ್ಕೆ ಅಡಿಪಾಯ ಬಿದ್ದದ್ದು ಇಲ್ಲಿಯೇ ಎನ್ನಬೇಕು, ಏಕೆಂದರೆ ಹುಳಿಯೂ ಒಣಪುಡಿಯಾಗಿ ದೊರೆತ ಮೇಲೆ ಎಲ್ಲವನ್ನೂ ಒಂದೇ ಪೊಟ್ಟಣದಲ್ಲಿ ತುಂಬಲು ಅಡ್ಡಿಯಿರಲಿಲ್ಲ. ಮಜ್ಜಿಗೆ ಮಫಿನ್ನಿನಿಂದ ಹೊರಬಿದ್ದದ್ದೂ ಇದೇ ಕಾಲದಲ್ಲಿ.

ಹಾಗೆ ತುಂಬಿದ ಆರಂಭದ ಪೊಟ್ಟಣಗಳಲ್ಲಿ ಪ್ರಸಿದ್ಧವಾದದ್ದು 1889ರಲ್ಲಿ ಮಿಸೌರಿ ರಾಜ್ಯದ ಸೇಂಟ್ ಜೋಸೆಫ್ ಎಂಬ ಊರಿನ ಪರ್ಲ್ ಮಿಲ್ಲಿಂಗ್ ಕಂಪನಿ ಹೊರತಂದ ಪ್ಯಾನ್‌ಕೇಕ್ ಹಿಟ್ಟು. ಅದಕ್ಕಿಟ್ಟ ಆಂಟ್ ಜೆಮಿಮಾ ಎಂಬ ಹೆಸರು, ಬಿಳಿಯರು ಮುಖಕ್ಕೆ ಕಪ್ಪು ಬಳಿದು ಆಡುತ್ತಿದ್ದ ಪ್ರಹಸನಗಳ ಹಾಡಿನಿಂದ ಬಂದದ್ದು. 1893ರ ಷಿಕಾಗೋ ವಿಶ್ವಮೇಳದಲ್ಲಿ ಆ ಪಾತ್ರವನ್ನು ಧರಿಸಿ ಜನರೆದುರು ಪ್ಯಾನ್‌ಕೇಕ್ ಹೊಯ್ದ ನ್ಯಾನ್ಸಿ ಗ್ರೀನ್, ಕೆಂಟಕಿಯಲ್ಲಿ ಗುಲಾಮಳಾಗಿ ಹುಟ್ಟಿದ ಹೆಣ್ಣುಮಗಳು. ಕಪ್ಪು ಅಡುಗೆಯವಳ ಕೈಗುಣವೇ ಪೊಟ್ಟಣದೊಳಗಿದೆ ಎಂದು ಬಿಳಿಯ ಗೃಹಿಣಿಯರನ್ನು ನಂಬಿಸುವುದು ಆ ಪಾತ್ರದ ಉದ್ದೇಶವಾಗಿತ್ತು. ಈ ಅಪಮಾನದ ಹೆಸರನ್ನು ಕೈಬಿಡಲು ನೂರಮೂವತ್ತು ವರ್ಷ ಹಿಡಿಯಿತು; 2021ರಲ್ಲಿ ಡಬ್ಬಿಯ ಮೇಲೆ ಹಳೆಯ ಗಿರಣಿಯ ಹೆಸರೇ ಮರಳಿ ಬಂತು.

ಮಫಿನ್ನಿಗೂ ಅದರ ಬಂಧುಗಳಿಗೂ ನೇರವಾಗಿ ಸಂಬಂಧಿಸಿದ ಮಿಶ್ರಣಗಳು 1930ರ ಸುಮಾರಿಗೆ ಮೂರು ಕಡೆ, ಒಂದರ ಬೆನ್ನಿಗೆ ಒಂದು, ಹುಟ್ಟಿದವು. ಮಿಷಿಗನ್ ರಾಜ್ಯದ ಚೆಲ್ಸಿ ಎಂಬ ಸಣ್ಣ ಊರಿನಲ್ಲಿ ಹಿಟ್ಟಿನ ಗಿರಣಿಯ ಮನೆತನದ ಮೇಬಲ್ ವೈಟ್ ಹೋಮ್ಸ್ 1930ರಲ್ಲಿ ಜಿಫ್ಫಿ ಎಂಬ ಬಿಸ್ಕೆಟ್ ಮಿಶ್ರಣವನ್ನು ರೂಪಿಸಿದಳು. ಅಮೆರಿಕದವರು ಬಿಸ್ಕೆಟ್ ಎನ್ನುವುದು ನಮ್ಮ ಗರಿಗರಿ ಬಿಸ್ಕತ್ತಿಗಲ್ಲ, ಯೀಸ್ಟಿಲ್ಲದೆ ಉಬ್ಬಿಸಿದ ಮೆತ್ತನೆಯ ಉಪ್ಪು ರೊಟ್ಟಿಗೆ. ಅದೇ ವರ್ಷ ಜನರಲ್ ಮಿಲ್ಸ್ ಕಂಪನಿಯ ಮಾರಾಟಾಧಿಕಾರಿ ಕಾರ್ಲ್ ಸ್ಮಿತ್, ರೈಲಿನ ಊಟದ ಬೋಗಿಯಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಬಿಸಿ ಬಿಸ್ಕೆಟ್ ಬಂದದ್ದನ್ನು ಕಂಡು ವಿಚಾರಿಸಿದಾಗ, ಅಡುಗೆಯಾಳು ಹಂದಿಕೊಬ್ಬು, ಹಿಟ್ಟು, ಬೇಕಿಂಗ್ ಪೌಡರ್ ಮತ್ತು ಉಪ್ಪನ್ನು ಮೊದಲೇ ಬೆರೆಸಿ ಮಂಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದನೆಂದು ತಿಳಿಯಿತು. ಮಂಜಿನ ಪೆಟ್ಟಿಗೆಯಿಲ್ಲದೆ ಆ ಮಿಶ್ರಣವನ್ನು ಕಮಟು ಹಿಡಿಯದಂತೆ ಇಡುವುದು ಹೇಗೆಂಬ ಸಮಸ್ಯೆಯನ್ನು ಕಂಪನಿಯ ರಸಾಯನತಜ್ಞರು ಬಿಡಿಸಿದ ಮೇಲೆ, 1931ರಲ್ಲಿ ಬಿಸ್ಕ್ವಿಕ್ ಮಾರುಕಟ್ಟೆಗೆ ಬಂತು. ರೈಲಿನ ಆ ಅಡುಗೆಯವನ ಹೆಸರು ಡಬ್ಬಿಯ ಮೇಲೆ ಸೇರಲಿಲ್ಲ ಎಂಬುದನ್ನು ಇಲ್ಲಿ ನೆನೆಯುವುದು ಉಚಿತ.

ಮೂರನೆಯದು ಪಿಟ್ಸ್‌ಬರ್ಗ್ ನಗರದಲ್ಲಿ ಕಾಕಂಬಿಯ ವ್ಯಾಪಾರ ಮಾಡುತ್ತಿದ್ದ ಪಿ. ಡಫ್ ಅಂಡ್ ಸನ್ಸ್ ಕಂಪನಿಯದು. ಈ ಬರಹದ ದೃಷ್ಟಿಯಿಂದ ಅದೇ ಅತ್ಯಂತ ಮುಖ್ಯ. ಕಾಕಂಬಿಯನ್ನು ಹಿಟ್ಟಿಗೆ ಬೆರೆಸಿ ಒಣಗಿಸಿ ಪುಡಿಮಾಡುವ ಕ್ರಮವನ್ನು ಕಂಡುಕೊಂಡ ಜಾನ್ ಡಫ್, 1930ರ ಡಿಸೆಂಬರ್‌ನಲ್ಲಿ ಶುಂಠಿ ಕೇಕಿನ ಮಿಶ್ರಣವೊಂದಕ್ಕೆ ಪೇಟೆಂಟ್ ಕೋರಿ ಅರ್ಜಿ ಹಾಕಿದ. ಅದು 1933ರಲ್ಲಿ ಮಂಜೂರಾಯಿತು. ಅದರಲ್ಲಿ ಹಿಟ್ಟು, ಸಕ್ಕರೆ, ಜಿಡ್ಡು, ಸೋಡ, ಶುಂಠಿ, ದಾಲ್ಚಿನ್ನಿಯ ಜೊತೆಗೆ ಒಣಗಿಸಿದ ಮೊಟ್ಟೆಯ ಪುಡಿಯೂ ಇದ್ದು, ಗೃಹಿಣಿ ನೀರೊಂದನ್ನು ಬೆರೆಸಿದರೆ ಸಾಕಾಗಿತ್ತು. ಆದರೆ ಮೊದಲ ಪೇಟೆಂಟ್ ಕೈಸೇರುವ ಮುನ್ನವೇ, 1933ರ ಜೂನ್‌ನಲ್ಲಿ, ಅದೇ ಕಂಪನಿ ಇನ್ನೊಂದು ಅರ್ಜಿ ಸಲ್ಲಿಸಿತು, ಮತ್ತು 1935ರಲ್ಲಿ ಮಂಜೂರಾದ ಆ ಎರಡನೆಯ ಪೇಟೆಂಟ್‌ನಲ್ಲಿ ಮೊಟ್ಟೆಯ ಪುಡಿ ಇರಲಿಲ್ಲ. ಗೃಹಿಣಿಯರೂ ಕೊಳ್ಳುವ ಜನರೂ ಹಸಿ ಮೊಟ್ಟೆಯನ್ನೇ ಬಯಸುತ್ತಾರೆ, ಪುಡಿಮೊಟ್ಟೆ ಅವರ ಮನಸ್ಸಿಗೆ ಒಪ್ಪುವುದಿಲ್ಲ ಎಂಬ ಆಶಯದ ವಿವರಣೆಯನ್ನು ಡಫ್ ಅದರಲ್ಲಿ ಬರೆದಿದ್ದಾನೆ. ಎಂದರೆ ಮೊಟ್ಟೆಯನ್ನು ಡಬ್ಬಿಯಿಂದ ತೆಗೆದು ಮನೆಯವರ ಕೈಗೆ ಮರಳಿ ಕೊಟ್ಟದ್ದು 1930ರ ದಶಕದ ಮೊದಲ ಭಾಗದಲ್ಲಿ, ಸಿದ್ಧಮಿಶ್ರಣ ಇನ್ನೂ ಅಂಬೆಗಾಲಿಡುತ್ತಿದ್ದಾಗ, ಮತ್ತು ಕೊಳ್ಳುವವರ ಅಪೇಕ್ಷೆಗೆ ತಲೆಬಾಗಿ.

ಈ ತಾರೀಖುಗಳು ಏಕೆ ಮುಖ್ಯವೆಂಬುದು, ಪ್ರಚಾರದಲ್ಲಿರುವ ಇನ್ನೊಂದು ಕಥೆಯನ್ನು ಎದುರಿಗಿಟ್ಟಾಗ ತಿಳಿಯುತ್ತದೆ. ಆ ಕಥೆಯ ಪ್ರಕಾರ, 1950ರ ದಶಕದಲ್ಲಿ ನೀರು ಮಾತ್ರ ಬೇಡುವ ಕೇಕ್ ಮಿಶ್ರಣಗಳು ಮಾರಾಟವಾಗದೆ ಉಳಿದಾಗ, ವಿಯೆನ್ನಾದಿಂದ ವಲಸೆ ಬಂದಿದ್ದ ಮನಶ್ಶಾಸ್ತ್ರಜ್ಞ ಎರ್ನೆಸ್ಟ್ ಡಿಕ್ಟರ್ ಗೃಹಿಣಿಯರನ್ನು ವಿಚಾರಿಸಿ, ಕೆಲಸ ತೀರಾ ಸುಲಭವಾದದ್ದರಿಂದ ಅವರಿಗೆ ತಪ್ಪಿತಸ್ಥ ಭಾವ ಕಾಡುತ್ತಿದೆಯೆಂದು ಕಂಡುಹಿಡಿದ. ಮೊಟ್ಟೆಯನ್ನು ಅವರ ಕೈಯಿಂದಲೇ ಹಾಕಿಸಿರೆಂದು ಸಲಹೆಯಿತ್ತ. ಅಂದಿನಿಂದ ಮಾರಾಟ ಏರಿತು. ಜಾಹೀರಾತು ವಿದ್ಯೆಯ ತರಗತಿಗಳಲ್ಲಿ, ವ್ಯವಹಾರದ ಪುಸ್ತಕಗಳಲ್ಲಿ ಈ ಕಥೆ ಇಂದಿಗೂ ಸತ್ಯವೆಂಬಂತೆ ಸಾಗುತ್ತಿದೆ. ಡಿಕ್ಟರ್ ಅಂಥ ಸಂಶೋಧನೆ ನಡೆಸಿದ್ದೂ, ಮೊಟ್ಟೆಯಂಥ ಒಂದು ಪಾಲು ಗೃಹಿಣಿಗೆ ಉಳಿಯಬೇಕೆಂದು ವಾದಿಸಿದ್ದೂ ನಿಜ. ಆದರೆ ಲಾರಾ ಶಾಪಿರೋ ಎಂಬ ಇತಿಹಾಸಕಾರ್ತಿ 2004ರಲ್ಲಿ ಪ್ರಕಟಿಸಿದ, ಯುದ್ಧೋತ್ತರ ಅಮೆರಿಕದ ಅಡುಗೆಯನ್ನು ಕುರಿತ ಪುಸ್ತಕದಲ್ಲಿ ತೋರಿಸಿರುವಂತೆ, ಹಸಿ ಮೊಟ್ಟೆ ಬೇಡುವ ಮಿಶ್ರಣಗಳೂ ಪುಡಿಮೊಟ್ಟೆ ಸೇರಿಸಿದ ಮಿಶ್ರಣಗಳೂ ಡಿಕ್ಟರ್‌ನ ಸಲಹೆಗೆ ಮೊದಲೇ ಅಂಗಡಿಯಲ್ಲಿ ಅಕ್ಕಪಕ್ಕದಲ್ಲಿ ಕುಳಿತಿದ್ದವು, ಮತ್ತು ಹಸಿ ಮೊಟ್ಟೆಯದು ಗೆದ್ದುದಕ್ಕೆ ಮುಖ್ಯ ಕಾರಣ ಅದರ ಕೇಕ್ ಚೆನ್ನಾಗಿದ್ದುದು.

ಪುಡಿಮೊಟ್ಟೆಯ ದೋಷಗಳು ಕಲ್ಪನೆಯವಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೈನ್ಯಕ್ಕೂ ಬ್ರಿಟನ್ನಿಗೂ ಕಳುಹಿಸಲು ಅಮೆರಿಕ ಅಗಾಧ ಪ್ರಮಾಣದಲ್ಲಿ ಮೊಟ್ಟೆಯನ್ನು ಒಣಗಿಸಿತ್ತು. ಅದನ್ನು ತಿಂದವರಿಗೆ ಅದರ ವಾಸನೆಯ ನೆನಪು ಇತ್ತು. ಮೊಟ್ಟೆಯಲ್ಲಿ ಸಹಜವಾಗಿರುವ ಅಲ್ಪ ಪ್ರಮಾಣದ ಗ್ಲೂಕೋಸ್, ಒಣಗಿಸಿಟ್ಟಾಗ ಅದರ ಪ್ರೋಟೀನಿನೊಡನೆ ನಿಧಾನವಾಗಿ ಕೂಡಿ ಪುಡಿಯನ್ನು ಕಂದುಗಟ್ಟಿಸಿ ಅಡ್ಡರುಚಿ ತರುತ್ತದೆ. ಹಳದಿಯ ಕೊಬ್ಬು ಗಾಳಿಗೆ ಕಮಟುತ್ತದೆ. ಗಾಳಿಯನ್ನು ಹಿಡಿದು ನೊರೆಯಾಗುವ ಶಕ್ತಿ ಕುಗ್ಗುತ್ತದೆ. ಅಂಥ ಪುಡಿಯಿಂದಾದ ಕೇಕ್ ತಟ್ಟೆಗೆ ಅಂಟುತ್ತಿತ್ತು, ಮೊಟ್ಟೆಯ ಗಾಢ ವಾಸನೆ ಬೀರುತ್ತಿತ್ತು. ಹೆಂಗಸರು ಇದನ್ನು ತಿಂದು, ನೋಡಿ, ಬೇಡವೆಂದರು. ಅವರ ಈ ಸ್ಪಷ್ಟವಾದ ರುಚಿವಿವೇಕವನ್ನು ಅಪರಾಧಪ್ರಜ್ಞೆಯೆಂದು ಹೆಸರಿಸಿ, ಅದನ್ನು ಓದಿದ ಕೀರ್ತಿಯನ್ನು ಒಬ್ಬ ಸಲಹೆಗಾರನಿಗೆ ಕಟ್ಟಿದ್ದು ಅಡುಗೆಯ ಇತಿಹಾಸದಲ್ಲಿ ನಡೆದ ಅನ್ಯಾಯಗಳಲ್ಲೊಂದು. ಡಫ್ ಕೂಡ ಮನಸ್ಸಿನ ಮಾತನ್ನು ಆಡಿದ್ದಾನೆ ನಿಜ, ಆದರೆ ಅವನು ಹೇಳಿದ್ದು ಜನರು ತಾಜಾ ಪದಾರ್ಥವನ್ನು ಇಷ್ಟಪಡುತ್ತಾರೆ ಎಂಬಷ್ಟನ್ನೇ. ಹೆಂಗಸರ ಅಂತರಂಗದ ಗಾಯಗಳನ್ನು ಅವನು ಹುಡುಕಲಿಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮನೆಯಲ್ಲಿ ಬ್ರೆಡ್ ಸುಡುವುದು ಇಳಿಮುಖವಾಗಿ, ಮನೆಬಳಕೆಯ ಹಿಟ್ಟಿನ ಮಾರಾಟ ಕುಗ್ಗಿದಾಗ, ದೊಡ್ಡ ಗಿರಣಿಗಳೆಲ್ಲ ಮಿಶ್ರಣದ ಕಡೆ ಹೊರಳಿದವು. ಜನರಲ್ ಮಿಲ್ಸ್ 1947ರಲ್ಲಿ ಬೆಟ್ಟಿ ಕ್ರಾಕರ್ ಹೆಸರಿನಲ್ಲಿ ಶುಂಠಿ ಕೇಕಿನ ಮಿಶ್ರಣವನ್ನು ತಂದಿತು. ಗ್ರಾಹಕರ ಪತ್ರಗಳಿಗೆ ಸಹಿ ಹಾಕಲೆಂದು 1921ರಲ್ಲಿ ಸೃಷ್ಟಿಸಲಾದ ಈ ಬೆಟ್ಟಿ ಕ್ರಾಕರ್ ಎಂಬ ಹೆಂಗಸು ಎಂದೂ ಬದುಕಿದ್ದವಳಲ್ಲ. 1948ರಲ್ಲಿ ಪಿಲ್ಸ್‌ಬರಿ, 1951ರಲ್ಲಿ ಡಂಕನ್ ಹೈನ್ಸ್ ಹೆಸರಿನ ಮಿಶ್ರಣಗಳೂ ಬಂದವು. ಚೆಲ್ಸಿಯ ಗಿರಣಿ 1950ರಲ್ಲಿ ತನ್ನ ಮೆಕ್ಕೆಜೋಳದ ಮಫಿನ್ ಮಿಶ್ರಣವನ್ನು ಹೊರತಂದಿತು. ದೊಡ್ಡ ಕಂಪನಿಗಳಂತೆ ಜಾಹೀರಾತಿಗೆ ಹಣ ಸುರಿಯದೆ, ಕಡಿಮೆ ಬೆಲೆಯನ್ನೇ ನಂಬಿಕೊಂಡ ಆ ನೀಲಿ ಬಿಳಿ ಪೆಟ್ಟಿಗೆ ಬಡವರ ಮನೆಗೂ ಹೊಕ್ಕಿತು.

ಮಿಶ್ರಣವನ್ನು ತಿದ್ದುವ ರೂಢಿ ಈ ದಶಕಗಳಲ್ಲಿ ಬೆಳಕಿಗೆ ಬಂದು ಅಚ್ಚಿಗೂ ಏರಿತು. ಪಿಲ್ಸ್‌ಬರಿ ಕಂಪನಿ 1949ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭಿಸಿದ ಬೇಕ್‌ಆಫ್ ಎಂಬ ಸ್ಪರ್ಧೆಯಲ್ಲಿ ದೇಶದ ನಾನಾ ಕಡೆಯ ಗೃಹಿಣಿಯರು ತಮ್ಮ ತಯಾರಿಗಳೊಡನೆ ಸೇರುತ್ತಿದ್ದರು. ಅದರ 1966ರ ಸ್ಪರ್ಧೆಯಲ್ಲಿ ಟೆಕ್ಸಾಸ್ ರಾಜ್ಯದ ಮಹಿಳೆಯೊಬ್ಬರು, ಕೇಕಿನ ಮೇಲೆ ಹಚ್ಚಲೆಂದು ಮಾರುತ್ತಿದ್ದ ಚಾಕೊಲೇಟ್ ಲೇಪದ ಪುಡಿಯನ್ನು ಕೇಕಿನ ಒಳಗೇ ಬೆರೆಸಿ, ಬೆಂದಾಗ ನಡುವೆ ಮೃದುವಾದ ಚಾಕೊಲೇಟ್ ಸುರಂಗ ಉಳಿಯುವಂತೆ ಮಾಡಿ ಎರಡನೆಯ ಬಹುಮಾನ ಪಡೆದರು. ಆ ಪುಡಿಯನ್ನು ಕಂಪನಿ ಮುಂದೆ ನಿಲ್ಲಿಸಿದಾಗ ದೇಶದ ಮೂಲೆಮೂಲೆಯಿಂದ ದೂರಿನ ಪತ್ರಗಳು ಬಂದು, ಪುಡಿಯಿಲ್ಲದೆಯೇ ಅದೇ ಕೇಕ್ ಮಾಡುವ ಕ್ರಮವನ್ನು ಕಂಪನಿಯೇ ಹೊಸದಾಗಿ ಬರೆದು ಕೊಡಬೇಕಾಯಿತು. ಗಿರಣಿ ಮುಂದೆ, ಗೃಹಿಣಿ ಹಿಂದೆ ಎಂಬ ಕ್ರಮ ಇಲ್ಲಿ ತಲೆಕೆಳಗಾದದ್ದನ್ನು ಗಮನಿಸಬೇಕು. ಟೆನೆಸ್ಸಿ ರಾಜ್ಯದ ನ್ಯಾಶ್‌ವಿಲ್‌ನ ಆ್ಯನ್ ಬರ್ನ್ 1999ರಲ್ಲಿ ಕೇಕ್ ಮಿಶ್ರಣಕ್ಕೆ ಚಿಕಿತ್ಸೆ ಮಾಡುವ ವೈದ್ಯಳ ಹೆಸರಿನಲ್ಲಿ ಪ್ರಕಟಿಸಿದ ಪುಸ್ತಕ, ಮೊಸರು, ಹುಳಿ ಕೆನೆ, ಮಜ್ಜಿಗೆ, ಬೆಣ್ಣೆಗಳಿಂದ ಡಬ್ಬಿಯ ಕೇಕನ್ನು ತಿದ್ದುವ ಬಗೆಗಳನ್ನು ಒಂದೆಡೆ ಕೂಡಿಸಿ ಬಹು ಜನಪ್ರಿಯವಾಯಿತು.

ಈ ತಿದ್ದುಪಡಿಗಳ ಹಿಂದಿನ ತರ್ಕವನ್ನು ಒಂದೊಂದಾಗಿ ನೋಡಿದರೆ, ಅನುಭವದಿಂದ ಕಲಿತವರು ರಸಾಯನಶಾಸ್ತ್ರವನ್ನು ಎಷ್ಟು ಹತ್ತಿರದಿಂದ ಹಿಡಿದಿದ್ದರೆಂಬುದು ವ್ಯಕ್ತವಾಗುತ್ತದೆ. ನೀರಿನ ಬದಲು ಹಾಲು ಹಾಕಿದಾಗ ಅದರ ಸಕ್ಕರೆಯೂ ಪ್ರೋಟೀನೂ ಸೇರಿ ಮಫಿನ್ನಿನ ಮೇಲ್ಮೈಯನ್ನು ಹೊಂಬಣ್ಣಕ್ಕೆ ತರುತ್ತವೆ. ಮಜ್ಜಿಗೆಯ ಹುಳಿ ಮೈದಾದ ಗ್ಲುಟೆನ್ನನ್ನು, ಎಂದರೆ ನೀರು ತಾಗಿ ಕಲಸಿದಾಗ ಎಳೆಯೆಳೆಯಾಗಿ ಹೆಣೆದುಕೊಳ್ಳುವ ಅದರ ಪ್ರೋಟೀನನ್ನು, ಮೆತ್ತಗೆ ಇರಿಸುತ್ತದೆ. ಆದರೆ ಡಬ್ಬಿಯೊಳಗಿನ ಪುಡಿಯಲ್ಲಿ ಕ್ಷಾರ ಮತ್ತು ಹುಳಿ ಮೊದಲೇ ಸರಿತೂಗಿರುವುದರಿಂದ, ಮಜ್ಜಿಗೆ ಹಾಕುವವರು ಚಿಟಿಕೆ ಸೋಡವನ್ನೂ ಸೇರಿಸುವುದು ರೂಢಿ. ಬೆಣ್ಣೆ ರುಚಿಗಾಗಿ. ಮೊಟ್ಟೆಯ ಹಳದಿಯಲ್ಲಿರುವ ಲೆಸಿಥಿನ್ ಎಂಬ ವಸ್ತು ನೀರನ್ನೂ ಜಿಡ್ಡನ್ನೂ ಬಿಡದಂತೆ ಹಿಡಿದು ಒಳಭಾಗವನ್ನು ಒತ್ತಾಗಿ, ತೇವವಾಗಿ ಇಡುತ್ತದೆ. ಎಲ್ಲಕ್ಕಿಂತ ಹಳೆಯ ಎಚ್ಚರಿಕೆ ಕೈಗೆ ಸಂಬಂಧಿಸಿದ್ದು: ಹಿಟ್ಟಿನಲ್ಲಿ ಸಣ್ಣ ಗಂಟುಗಳು ಉಳಿದಿರುವಾಗಲೇ ಕಲಸುವುದನ್ನು ನಿಲ್ಲಿಸಬೇಕು, ಇಲ್ಲವಾದರೆ ಗ್ಲುಟೆನ್ ಬಿಗಿದು ಮಫಿನ್ನಿನೊಳಗೆ ಉದ್ದುದ್ದ ಪೊಳ್ಳುಗಳು ಮೂಡಿ ತಿನ್ನಲು ರಬ್ಬರಿನಂತಾಗುತ್ತದೆ. ಕಲಸಿದ ಹಿಟ್ಟನ್ನು ಕಾಲು ಗಂಟೆ ಹಾಗೆಯೇ ಬಿಟ್ಟರೆ ಮೈದಾ ನೀರನ್ನು ಹೀರಿ ಗಟ್ಟಿಯಾಗುತ್ತದೆ. ಬಳಿಕ ಮೊದಲ ಕೆಲವು ನಿಮಿಷ ಓವನ್ನನ್ನು 220 ಡಿಗ್ರಿ ಸೆಲ್ಸಿಯಸ್‌ನಷ್ಟು ಕಾಯಿಸಿ, ಆಮೇಲೆ 180ಕ್ಕೆ ಇಳಿಸಿದಾಗ, ಅಂಚು ಗಟ್ಟಿಯಾಗಿ ನಡುಭಾಗ ಗೋಪುರದಂತೆ ಏಳುತ್ತದೆ.

ಇದೇ ಬಗೆಯ ಹಂಚಿಕೆ, ಎಂದರೆ ಒಣಗಿದ್ದು ಪೊಟ್ಟಣಕ್ಕೆ, ಹಸಿಯದ್ದು ಮನೆಗೆ ಎಂಬ ಕ್ರಮ, ಬೆಂಗಳೂರಿನಲ್ಲೂ ಸ್ವತಂತ್ರವಾಗಿ ನೆಲೆಗೊಂಡಿತು. ಉಡುಪಿ ಸೀಮೆಯ ಪಾರಂಪಳ್ಳಿಯಿಂದ ಬಂದ ಮಯ್ಯ ಸೋದರರು 1924ರಲ್ಲಿ ಆರಂಭಿಸಿದ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಹೋಟೆಲು, ಯುದ್ಧಕಾಲದ ಅಕ್ಕಿಯ ಅಭಾವದಲ್ಲಿ ರವೆಯಿಂದ ಇಡ್ಲಿ ಮಾಡತೊಡಗಿತೆಂಬುದು ಆ ಸಂಸ್ಥೆ ಹೇಳಿಕೊಂಡು ಬಂದ ಇತಿಹಾಸ. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರ ಇಳಿಸಿದಾಗ ನಷ್ಟಕ್ಕೆ ಸಿಕ್ಕಿದ ಆ ಮನೆತನ ಮಸಾಲೆಪುಡಿ ಮತ್ತು ಸಿದ್ಧಮಿಶ್ರಣಗಳ ತಯಾರಿಕೆಗೆ ಇಳಿಯಿತು. ರವೆ ಇಡ್ಲಿಯ ಪೊಟ್ಟಣ ಮೊಸರನ್ನು ಮನೆಯಿಂದಲೇ ಬೇಡುತ್ತದೆ. ಆ ಮೊಸರಿನ ಹುಳಿಯೇ ಪೊಟ್ಟಣದೊಳಗಿನ ಸೋಡವನ್ನು ಎಬ್ಬಿಸುವುದು. ಅದಕ್ಕೆ ತುರಿದ ಕ್ಯಾರೆಟ್, ಕೊತ್ತಂಬರಿ ಸೊಪ್ಪು, ತುಪ್ಪದಲ್ಲಿ ಹುರಿದ ಗೋಡಂಬಿ ಸೇರಿಸುವ ಕನ್ನಡಿಗ ಗೃಹಿಣಿಗೂ ಮಫಿನ್ನಿಗೆ ನಿಂಬೆಸಿಪ್ಪೆ ತುರಿದು ಹಾಕುವ ಅಮೆರಿಕದ ಗೃಹಿಣಿಗೂ ಭೇಟಿಯಾಗದಿದ್ದರೂ, ಇಬ್ಬರ ಕೈಯೂ ಒಂದೇ ಶಾಸ್ತ್ರವನ್ನು ಬಲ್ಲದು. ಮೊಟ್ಟೆಯ ಪ್ರಶ್ನೆ ಇಲ್ಲಿ ಏಳಲೇ ಇಲ್ಲ ಎಂಬುದೊಂದೇ ದೊಡ್ಡ ವ್ಯತ್ಯಾಸ.

ಇತ್ತೀಚಿನ ದಶಕಗಳಲ್ಲಿ ಈ ತಿದ್ದುಪಡಿಗೆ ಹೊಸದೊಂದು ಕಾರಣ ಕೂಡಿದೆ. ಅಮೆರಿಕದ ಕೇಕ್ ಮಿಶ್ರಣದ ಡಬ್ಬಿ ಬಹುಕಾಲ 18.25 ಔನ್ಸ್, ಎಂದರೆ ಸುಮಾರು 517 ಗ್ರಾಂ, ತೂಗುತ್ತಿತ್ತು. ಅದು ಕ್ರಮೇಣ 15.25 ಔನ್ಸಿಗೆ, ಸುಮಾರು 432 ಗ್ರಾಮಿಗೆ, ಇಳಿಯಿತು. ಹಳೆಯ ಡಬ್ಬಿಯ ತೂಕವನ್ನು ನಂಬಿ ತಾಯಂದಿರು ಬರೆದಿಟ್ಟ ಕೈಬರಹದ ಚೀಟಿಗಳ ಲೆಕ್ಕ ಇದರಿಂದ ತಪ್ಪಿ, ಕೊರತೆಯಾದ ಎಂಬತ್ತೈದು ಗ್ರಾಂ ಮೈದಾ ಮತ್ತು ಸಕ್ಕರೆಯನ್ನು ಮನೆಯವರೇ ಕೂಡಿಸಬೇಕಾಗಿ ಬಂತು. ರುಚಿಗಾಗಿ ತಿದ್ದುವುದು ಬೇರೆ, ಕಂಪನಿ ಕಡಿಮೆಮಾಡಿದ ತೂಕವನ್ನು ತುಂಬಿಕೊಡುವುದು ಬೇರೆ. ಎರಡನೆಯದನ್ನು ಗೃಹಿಣಿಯ ಪಾಲಿಗೆ ಹೊರಿಸಿದ್ದು ನ್ಯಾಯವಲ್ಲ.

ಮೇಬಲ್ ಹೋಮ್ಸಳ ವಂಶದವರ ಒಡೆತನದಲ್ಲೇ ಉಳಿದಿರುವ ಚೆಲ್ಸಿಯ ಗಿರಣಿಯ ಮೆಕ್ಕೆಜೋಳದ ಮಫಿನ್ ಮಿಶ್ರಣ 8.5 ಔನ್ಸಿನ ಪೆಟ್ಟಿಗೆಯಲ್ಲಿ ಇಂದಿಗೂ ಮಾರಾಟವಾಗುತ್ತಿದೆ. ಒಂದು ಮೊಟ್ಟೆಯನ್ನೂ ಮೂರನೇ ಒಂದು ಕಪ್ ಹಾಲನ್ನೂ ಮನೆಯಿಂದ ಸೇರಿಸಬೇಕೆಂದು ಅದರ ಮೇಲೆ ಬರೆದಿದೆ.